ಮಾರಿಯ ಕಾಲದಲ್ಲಿ ದುಡಿಯುವವರು: ಹುಬ್ಬಳ್ಳಿಯಿಂದ ಕಾಶಿಯವರೆಗೆ ಒಂದು ಹಳೆಯ ಪಾಠ

ರಾಜ್ಯೋತ್ಸವದ ಸಂಚಿಕೆಯೆಂದರೆ ಕದಂಬರು, ಚಾಲುಕ್ಯರು, ಹೊಯ್ಸಳರು, ವಿಜಯನಗರದ ಅರಸರು, ಇವರ ಕೀರ್ತಿಯನ್ನು ನೆನೆಯುವುದು ನಮ್ಮಲ್ಲಿ ವಾಡಿಕೆ. ಅದು ತಕ್ಕುದೇ. ತಾಯ್ನಾಡಿನಿಂದ ದೂರ ಬಂದು ಗಂಗೆಯ ದಡದಲ್ಲಿ ಮನೆಮಾಡಿಕೊಂಡಿರುವ ನಮ್ಮ ಮಕ್ಕಳ ಕಿವಿಗೆ ಆ ಹೆಸರುಗಳು ವರ್ಷಕ್ಕೊಮ್ಮೆಯಾದರೂ ಬೀಳಬೇಕು. ಆದರೆ ನಾಡಿನ ಚರಿತ್ರೆ ಅರಮನೆಗಳಲ್ಲಿ ಮಾತ್ರ ನಡೆದುದಲ್ಲ. ಗಿರಣಿಯ ಬಾಗಿಲಲ್ಲಿ, ರೈಲ್ವೆ ಕಾರ್ಖಾನೆಯ ಅಂಗಳದಲ್ಲಿ, ಬಟವಾಡೆಯ ಸಾಲಿನಲ್ಲಿಯೂ ನಡೆದಿದೆ. ಅಂಥ ಒಂದು ಪ್ರಸಂಗವನ್ನು ಈ ಸಲ ವಾಚಕರ ಮುಂದೆ ಇಡಬೇಕೆಂದು ನಮಗೆ ತೋರಿತು.

ಹೀಗೆ ತೋರುವುದಕ್ಕೆ ಕಾರಣವುಂಟು. 2020 ಮತ್ತು 2021ನೆಯ ವರ್ಷಗಳ ಕೊರೋನಾ ಹಾವಳಿಯನ್ನು ನಾವೆಲ್ಲರೂ ಕಂಡವರು. 2021ರ ಏಪ್ರಿಲ್-ಮೇ ತಿಂಗಳುಗಳಲ್ಲಿ ಹರಿಶ್ಚಂದ್ರ ಘಾಟಿನಲ್ಲಿಯೂ ಮಣಿಕರ್ಣಿಕೆಯಲ್ಲಿಯೂ ಚಿತೆಗಳಿಗೆ ಬಿಡುವಿರಲಿಲ್ಲ. ವಿಶ್ವವಿದ್ಯಾಲಯದ ಆವರಣದಲ್ಲಿ 750 ಹಾಸಿಗೆಗಳ ತಾತ್ಕಾಲಿಕ ಆಸ್ಪತ್ರೆಯನ್ನು ಕಟ್ಟಬೇಕಾಯಿತು. ಆಗ ಎಲ್ಲರ ಬಾಯಲ್ಲಿಯೂ ಒಂದೇ ದೂರು: “ಜನ ಮಾತು ಕೇಳುವುದಿಲ್ಲ, ಮುಖಕ್ಕೆ ಬಟ್ಟೆ ಕಟ್ಟುವುದಿಲ್ಲ, ಜ್ವರವಿದ್ದರೂ ಕೆಲಸಕ್ಕೆ ಬರುತ್ತಾರೆ.” ಜನ ಮಾತು ಕೇಳದಿರುವುದು ಹೊಸ ಸಂಗತಿಯಲ್ಲ. ಕೇಳಿದ ಉದಾಹರಣೆಗಳೂ ಇಲ್ಲದಿಲ್ಲ. ದುಡಿಯುವ ಜನ ಯಾವಾಗ ಕೇಳಿದರು, ಯಾವಾಗ ಕೇಳಲಿಲ್ಲ, ಏಕೆ ಎಂಬುದಕ್ಕೆ ಉತ್ತರವನ್ನು ಹುಡುಕಿ ಹೊರಟರೆ ನಮ್ಮ ಹುಬ್ಬಳ್ಳಿಗೇ ಹೋಗಿ ಮುಟ್ಟುತ್ತೇವೆ. ದಾರಿಯಲ್ಲಿ ಮೊದಲು ಮುಂಬಯಿ ಸಿಗುತ್ತದೆ.

ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡದ್ದು 1896ರ ಸೆಪ್ಟೆಂಬರಿನಲ್ಲಿ. ರೋಗಿಯನ್ನು ಹಿಡಿದು ಆಸ್ಪತ್ರೆಗೆ ಸಾಗಿಸುವುದು, ಮನೆಯವರನ್ನು ಬೇರೆಯ ಶಿಬಿರದಲ್ಲಿಡುವುದು, ಮನೆಗೆ ಔಷಧದ ನೀರು ಹೊಡೆದು ಹೆಂಚು ತೆಗೆದು ಬಿಸಿಲು ಬಿಡುವುದು, ಇವು ಸರಕಾರದ ಉಪಾಯಗಳು. 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂದು ಈ ಅಧಿಕಾರಕ್ಕೆ ಇನ್ನಷ್ಟು ಬಲ ಕೊಟ್ಟಿತು. ಗಿರಣಿಯ ಕೆಲಸಗಾರನ ಕಣ್ಣಿನಿಂದ ಇದನ್ನು ನೋಡಬೇಕು. ಮನೆಯಲ್ಲಿ ಒಬ್ಬರಿಗೆ ಜ್ವರವೆಂದು ತಿಳಿಸಿದರೆ ರೋಗಿ ಕೈಬಿಟ್ಟು ಹೋದಂತೆ, ಉಳಿದವರು ಶಿಬಿರದಲ್ಲಿ, ಅವನ ಕೂಲಿ ನಿಂತಿತು, ಹಿಂದಿರುಗುವ ಹೊತ್ತಿಗೆ ಕೋಣೆಯಲ್ಲಿ ಪಾತ್ರೆಪಡಗ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ತಿಳಿಸದೆ ಬಚ್ಚಿಟ್ಟರೆ ಇಷ್ಟೂ ತಪ್ಪುತ್ತಿತ್ತು. ಬಚ್ಚಿಟ್ಟವನನ್ನು ಮೂರ್ಖನೆಂದು ಬಯ್ಯುವ ಮೊದಲು ಈ ಲೆಕ್ಕವನ್ನು ನೋಡುವುದು ನ್ಯಾಯ.

1896ರ ಅಕ್ಟೋಬರ್ 29ರಂದು ಸಾವಿರದಷ್ಟು ಗಿರಣಿ ಕೆಲಸಗಾರರು ಆರ್ಥರ್ ರಸ್ತೆಯ ಸಾಂಕ್ರಾಮಿಕ ಆಸ್ಪತ್ರೆಯ ಮೇಲೆ ಬಿದ್ದರು. ಕೆಲವೇ ತಿಂಗಳುಗಳಲ್ಲಿ ಊರಿನ ಅರ್ಧದಷ್ಟು ಜನ ಗಂಟುಮೂಟೆ ಕಟ್ಟಿ ಹೊರಟುಹೋದರು. ಯಂತ್ರಗಳು ನಿಲ್ಲುವ ಕಾಲ ಬಂದಾಗ ಗಿರಣಿಯ ಯಜಮಾನರು ತಿಂಗಳ ಬಟವಾಡೆಯನ್ನು ಬಿಟ್ಟು ದಿನದ ಕೂಲಿಯನ್ನು ದಿನವೇ ಎಣಿಸಿಕೊಟ್ಟು, ಬೀದಿಯ ಮೂಲೆಗಳಲ್ಲಿ ಒಬ್ಬರ ಮೇಲೊಬ್ಬರು ದರ ಏರಿಸಿ ಆಳುಗಳನ್ನು ಕರೆದರು. ಜೀವಭಯದಿಂದ ಓಡಿದವನನ್ನು ಕೂಡ ಕೈಗೆ ಸಿಗುವ ಕೂಲಿ ನಿಲ್ಲಿಸಬಲ್ಲದೆಂಬುದು ಆಗ ಯಜಮಾನರಿಗೆ ತಿಳಿಯಿತು. ಯಂತ್ರ ನಡೆಸುವುದಕ್ಕೆ ಬಳಸಿದ ಈ ತಿಳಿವಳಿಕೆಯನ್ನು ಆರೋಗ್ಯ ಕಾಯುವುದಕ್ಕೂ ಬಳಸಬಹುದೆಂದು ಹೊಳೆಯಲು ಬಹುಕಾಲ ಹಿಡಿಯಿತು.

1897ರಲ್ಲಿ ಪುಣೆಯಲ್ಲಿ ಸಿಪಾಯಿಗಳು ಮನೆಮನೆ ನುಗ್ಗಿ ಶೋಧಿಸಿದುದು, ಜೂನ್ 22ರಂದು ಪ್ಲೇಗಿನ ಅಧಿಕಾರಿ ರ್‍ಯಾಂಡನಿಗೆ ಚಾಪೇಕರ್ ಸಹೋದರರು ಗುಂಡಿಕ್ಕಿದುದು, ಇವು ಎಲ್ಲರೂ ಬಲ್ಲ ಕಥೆ. ಅಷ್ಟಾಗಿ ತಿಳಿಯದ ಇನ್ನೊಂದು ಪ್ರಸಂಗ ಕಾಶಿಯಲ್ಲಿರುವ ನಮಗೆ ಹತ್ತಿರದ್ದು. 1898ರ ಮಾರ್ಚ್ 9ರಂದು ಮುಂಬಯಿಯ ರಿಪನ್ ರಸ್ತೆಯ ಬಳಿ ನೇಕಾರರ ಮನೆಯೊಂದರಿಂದ ಕಾಯಿಲೆಯ ಹುಡುಗಿಯೊಬ್ಬಳನ್ನು ಸಾಗಿಸಲು ಪ್ಲೇಗಿನ ಅಧಿಕಾರಿಗಳು ಬಂದಾಗ ಮನೆಯವರು ಬಿಡಲಿಲ್ಲ, ಕೇರಿ ಸೇರಿತು, ಕಲ್ಲು ತೂರಾಟವಾಯಿತು, ಗುಂಡು ಹಾರಿತು. ಆ ನೇಕಾರರು ಈ ನಮ್ಮ ಉತ್ತರದ ಸೀಮೆಯಿಂದ ಹೊಟ್ಟೆಪಾಡಿಗೆ ಮುಂಬಯಿಗೆ ಹೋದ ಜುಲಾಹರು. ಇಂಥವರು ನೆಲೆಸಿದ ಅಲ್ಲಿನ ಕೇರಿಯ ಹೆಸರು ಮದನಪುರ. ಜಂಗಮವಾಡಿ ಮಠದಿಂದ ಸೋನಾರಪುರದ ಕಡೆಗೆ ನಡೆದುಹೋಗುವಾಗ ನಮಗೆ ಕೇಳುವ ಮಗ್ಗದ ಸದ್ದು ಅದೇ ಹೆಸರಿನ ಕಾಶಿಯ ಕೇರಿಯದು. ಅವರೂ ನಮ್ಮ ಹಾಗೆಯೇ ಪರಸ್ಥಳಕ್ಕೆ ದುಡಿಯಲು ಹೋದವರು ಎಂಬುದನ್ನು ನೆನೆದರೆ ಆ ದಿನದ ಅವರ ಭಯ ನಮಗೆ ಸ್ವಲ್ಪ ಅರ್ಥವಾದೀತು.

ಇನ್ನು ಹುಬ್ಬಳ್ಳಿಗೆ ಬರೋಣ. ಆಗ ಹುಬ್ಬಳ್ಳಿ ಮುಂಬಯಿ ಇಲಾಖೆಗೆ ಸೇರಿದ ಧಾರವಾಡ ಜಿಲ್ಲೆಯ ಊರು. ಜನಸಂಖ್ಯೆ ಸುಮಾರು 50,000. ಹತ್ತಿಯ ಪೇಟೆ, ನೂಲುವ ಗಿರಣಿ, ಸದರ್ನ್ ಮರಾಠಾ ರೈಲ್ವೆಯ ಕಾರ್ಖಾನೆ, ಇವುಗಳಿಂದ ಬೆಳೆಯುತ್ತಿದ್ದ ಊರು. ರೈಲು ಹತ್ತಿಯನ್ನು ಹೊತ್ತುಕೊಂಡು ಹೋದಂತೆ ರೋಗವನ್ನು ಹೊತ್ತುಕೊಂಡು ಬಂದಿತು. 1898ರ ಬೇಸಗೆಯ ಹೊತ್ತಿಗೆ ಪ್ಲೇಗು ಅಲ್ಲಿ ಬೇರೂರಿತ್ತು.

ಊರು ಬಿಟ್ಟು ಬಯಲಿನ ಗುಡಿಸಲಿಗೆ ಹೋಗುವುದು ನಮ್ಮ ಜನ ತಾವಾಗಿಯೇ ಕಂಡುಕೊಂಡ ಉಪಾಯ. ಇಲಿ ಬಿದ್ದರೆ ಮನೆ ಬಿಡಬೇಕೆಂಬುದನ್ನು ನಮ್ಮ ಅಜ್ಜಿಯರು ಬಲ್ಲರು. ಇಲಿಯ ಮೈಮೇಲಿನ ಚಿಗಟವೇ ರೋಗವನ್ನು ಹರಡುತ್ತದೆಂದು ಸೀಮಾಂಡ್ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಕಂಡುಹಿಡಿದದ್ದು ಅದೇ 1898ರಲ್ಲಿ. ಅದನ್ನು ಪಂಡಿತರೆಲ್ಲ ಒಪ್ಪಿದ್ದು ಇನ್ನೂ ಸುಮಾರು ಹತ್ತು ವರ್ಷಗಳ ಮೇಲೆ. ಹೀಗೆ ಊರು ಬಿಡುವ ಪದ್ಧತಿಯ ಹಿಂದೆ ಒಳ್ಳೆಯ ಕಾರಣವೇ ಇದ್ದಿತು. ಆದರೆ ಮಳೆಗಾಲದಲ್ಲಿ, ಅದೂ ಹುಬ್ಬಳ್ಳಿಯ ಕರಿಮಣ್ಣಿನ ಬಯಲಿನಲ್ಲಿ, ಐವತ್ತು ಸಾವಿರ ಜನ ಗುಡಿಸಲು ಕಟ್ಟಿಕೊಂಡು ಇರುವುದೆಂತು? ದಿನದ ದುಡಿಮೆ ನಡೆಯುವುದೆಂತು?

ಈ ಇಕ್ಕಟ್ಟಿನಲ್ಲಿ ಚುಚ್ಚುಮದ್ದು ಮುಂದೆ ಬಂದಿತು. ಅದನ್ನು ಸಿದ್ಧಪಡಿಸಿದವನು ಒಡೆಸ್ಸಾ ಪಟ್ಟಣದ ಯೆಹೂದಿ ವಿಜ್ಞಾನಿ ಹಾಫ್ಕಿನ್. ಪ್ಲೇಗಿನ ಕ್ರಿಮಿಗಳನ್ನು ಬೆಳೆಸಿ, ಕಾಯಿಸಿ ಕೊಂದು, ಆ ದ್ರವವನ್ನು ಅವನು 1897ರ ಜನವರಿ 10ರಂದು ಮುಂಬಯಿಯಲ್ಲಿ ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡ. ಅದೇ ತಿಂಗಳ ಕೊನೆಗೆ ಬೈಕಲಾ ಸೆರೆಮನೆಯಲ್ಲಿ ಒಪ್ಪಿ ಮುಂದೆ ಬಂದ ಕೈದಿಗಳಿಗೆ ಕೊಟ್ಟು ಪರೀಕ್ಷೆ ನಡೆಯಿತು. ಪರರಿಗೆ ಹೇಳುವ ಮೊದಲು ತಾನು ತೆಗೆದುಕೊಂಡನೆಂಬ ಒಂದು ಸಂಗತಿ ಮುಂದೆ ಎಷ್ಟೋ ಭಾಷಣಗಳಿಗಿಂತ ಹೆಚ್ಚಿನ ಕೆಲಸ ಮಾಡಿತು.

ಹುಬ್ಬಳ್ಳಿಯಲ್ಲಿ ಈ ಕೆಲಸವನ್ನು ನಡೆಸಿದವನು ಲ್ಯೂಮನ್ ಎಂಬ ಸರ್ಜನ್. 1898ರ ಮೇ ತಿಂಗಳಿಂದ ಕೆಲವೇ ತಿಂಗಳುಗಳಲ್ಲಿ 30,000ಕ್ಕೂ ಹೆಚ್ಚು ಜನರಿಗೆ ಚುಚ್ಚುಮದ್ದಾಯಿತು. ಹಲವರಿಗೆ ಎರಡು ಸಲ. ಅಷ್ಟು ದೊಡ್ಡ ಊರಿನ ಬಹುಪಾಲು ಜನ ಇಷ್ಟು ಬೇಗ ತೋಳು ಒಡ್ಡಿದುದು ಆ ಕಾಲಕ್ಕೆ ಬೆರಗಿನ ಸಂಗತಿ. ದೂರದ ವೈದ್ಯ ಪತ್ರಿಕೆಗಳಲ್ಲಿಯೂ ಹುಬ್ಬಳ್ಳಿಯ ಹೆಸರು ಅಚ್ಚಾಯಿತು. ಜ್ವರ, ತೋಳುಬಾವು ಬಂದು ಒಂದೆರಡು ದಿನ ಏಳಲಾರದಂತೆ ಮಾಡುತ್ತಿದ್ದ ಮದ್ದು ಅದು. ದಿನಗೂಲಿಯವನಿಗೆ ಎರಡು ಚುಚ್ಚುಮದ್ದೆಂದರೆ ಮೂರು ನಾಲ್ಕು ದಿನದ ದುಡಿಮೆಗೆ ಸಂಚಕಾರ. ಆದರೂ ಅವರು ಬಂದರು.

ಬಂದುದಕ್ಕೆ ಕಾರಣಗಳನ್ನು ನೋಡಿದರೆ ಮೂರು ಕಾಣುತ್ತವೆ. ಮೊದಲನೆಯದು, ಲಾಭ ಕಣ್ಣಿಗೆ ಕಾಣುತ್ತಿತ್ತು. ಒಂದೇ ಕೇರಿಯಲ್ಲಿ ಚುಚ್ಚಿಸಿಕೊಂಡ ಮನೆಯೂ ಚುಚ್ಚಿಸಿಕೊಳ್ಳದ ಮನೆಯೂ ಎದುರುಬದುರಾಗಿದ್ದವು. ಹೆಣ ಯಾವ ಮನೆಯಿಂದ ಹೆಚ್ಚು ಹೊರಟಿತೆಂಬುದನ್ನು ಹೇಳಲು ಪಂಡಿತರು ಬೇಕಿರಲಿಲ್ಲ. ಎರಡನೆಯದು, ಒಪ್ಪಿದವನಿಗೆ ಒಂದು ಸವಲತ್ತು ಸಿಕ್ಕಿತು: ಚುಚ್ಚಿಸಿಕೊಂಡವರಿಗೆ ಚೀಟಿ ಕೊಟ್ಟು, ಪ್ರತ್ಯೇಕವಾಸದ ಹಲವು ಕಟ್ಟಳೆಗಳಿಂದ ವಿನಾಯಿತಿ ಕೊಡುವ ಕ್ರಮವನ್ನು ಮುಂಬಯಿ ಸರಕಾರ ಹಿಡಿದಿತ್ತು. ಕೆಲಸವನ್ನೂ ಮನೆಯನ್ನೂ ಉಳಿಸಿಕೊಳ್ಳುವ ದಾರಿ ಅದು. ಇದರಲ್ಲಿ ಒತ್ತಾಯದ ಛಾಯೆ ಇರಲಿಲ್ಲವೆಂದು ಹೇಳಲಾರೆವು. ಬಡವನಿಗೆ ಬೇರೆ ದಾರಿ ಇದ್ದುದು ಸ್ವಲ್ಪವೇ. ಆದರೂ ಬಾಗಿಲು ಒಡೆಯುವುದಕ್ಕೂ ಬಾಗಿಲು ತೆರೆದು ಕೊಡುವುದಕ್ಕೂ ಅಂತರವುಂಟಷ್ಟೆ. ಮೂರನೆಯದು, ಗಿರಣಿ ಮತ್ತು ರೈಲ್ವೆ ಕಾರ್ಖಾನೆಗಳು. ಅಲ್ಲಿ ಜನ ಒಟ್ಟಾಗಿದ್ದರು, ಒಬ್ಬರನ್ನೊಬ್ಬರು ಬಲ್ಲವರಾಗಿದ್ದರು, ಎಲ್ಲಕ್ಕಿಂತ ಮಿಗಿಲಾಗಿ ಹಾಜರಿ ಪುಸ್ತಕವಿತ್ತು.

ಈ ಹಾಜರಿ ಪುಸ್ತಕದ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಊರಿನಲ್ಲಿ ಯಾರು ಉಳಿದರು, ಯಾರು ಓಡಿದರು, ಯಾರು ಸತ್ತರು ಎಂಬ ಲೆಕ್ಕ ಕಲಸುಮೇಲೋಗರವಾಗಿತ್ತು. ಫ್ರೇಜರ್ ಎಂಬುವರ ಅಧ್ಯಕ್ಷತೆಯಲ್ಲಿ ಭಾರತಕ್ಕೆ ಬಂದ ಪ್ಲೇಗ್ ಆಯೋಗ ಹುಬ್ಬಳ್ಳಿಯ ಒಟ್ಟು ಅಂಕಿಗಳನ್ನು ಸಂಶಯದಿಂದಲೇ ನೋಡಿತು. ಆದರೆ ಗಿರಣಿಯಲ್ಲಿ ಪ್ರತಿಯೊಬ್ಬನ ಹೆಸರೂ ಬರೆದಿತ್ತು. ಎರಡು ಸಲ ಚುಚ್ಚಿಸಿಕೊಂಡವರು, ಒಂದೇ ಸಲ ಚುಚ್ಚಿಸಿಕೊಂಡವರು, ಚುಚ್ಚಿಸಿಕೊಳ್ಳದವರು ಎಂದು ಮೂರು ಗುಂಪು ಮಾಡಿ ನೋಡಿದಾಗ, ಮೊದಲನೆಯ ಗುಂಪಿನಲ್ಲಿ ಸಾವಿನ ಪ್ರಮಾಣ ತೀರ ಕಡಿಮೆ, ಮೂರನೆಯದರಲ್ಲಿ ತೀರ ಹೆಚ್ಚು. ಮದ್ದು ಹತ್ತುವುದೆಂಬುದಕ್ಕೆ ಜಗತ್ತಿಗೆ ದೊರೆತ ಮೊದಮೊದಲ ಸಾಕ್ಷ್ಯಗಳಲ್ಲಿ ಹುಬ್ಬಳ್ಳಿಯ ಕೂಲಿಕಾರರ ಹಾಜರಿಯೂ ಒಂದು. ಅವರ ಹೆಸರು ಯಾರಿಗೂ ನೆನಪಿಲ್ಲ. ಅವರ ಸಾವುಬದುಕಿನಿಂದ ಲೋಕ ಕಲಿಯಿತು.

ಹುಬ್ಬಳ್ಳಿಯಿಂದ ರೋಗ ರೈಲು ಹಿಡಿದು ಅದೇ ವರ್ಷದ ಆಗಸ್ಟಿನಲ್ಲಿ ಬೆಂಗಳೂರಿಗೆ ಬಂದಿತು. ಮೈಸೂರು ಸಂಸ್ಥಾನದಲ್ಲಿ ಪ್ಲೇಗಿನ ಕಮಿಷನರಾಗಿದ್ದವರು ಮುಂದೆ ದಿವಾನರಾದ ವಿ. ಪಿ. ಮಾಧವರಾಯರು. ಇಕ್ಕಟ್ಟಾದ ಪೇಟೆಯ ಹೊರಗೆ ಬಸವನಗುಡಿ, ಮಲ್ಲೇಶ್ವರಗಳಂಥ ಬಡಾವಣೆಗಳು ಬೆಳೆದುದಕ್ಕೆ ಈ ಮಾರಿಯೂ ಒಂದು ಕಾರಣ. ಆದರೆ ಬಲವಂತ ನಡೆದ ಕಡೆ ನಮ್ಮ ನಾಡಿನಲ್ಲಿಯೂ ಜನ ಸಹಿಸಲಿಲ್ಲ. ಶ್ರೀರಂಗಪಟ್ಟಣದ ಪಕ್ಕದ ಗಂಜಾಮಿನಲ್ಲಿ ಆ ವರ್ಷವೇ ದೊಂಬಿಯೆದ್ದಿತು. ಇತ್ತ ನಮ್ಮ ಈಗಿನ ನೆರೆಯ ಗಿರಣಿಯ ಊರಾದ ಕಾನಪುರದಲ್ಲಿ 1900ರ ಏಪ್ರಿಲಿನಲ್ಲಿ ಜನ ಪ್ರತ್ಯೇಕವಾಸದ ಶಿಬಿರವನ್ನೇ ಸುಟ್ಟರು, ಪ್ರಾಣಗಳೂ ಹೋದವು. ಇಷ್ಟಾದ ಮೇಲೆ ಸರಕಾರವೂ ಬಲವಂತದ ಹಾದಿಯನ್ನು ಮೆಲ್ಲಮೆಲ್ಲನೆ ಬಿಟ್ಟು ಜನರನ್ನು ಒಪ್ಪಿಸುವ ಹಾದಿಗೆ ಬಂದಿತು.

ಒಪ್ಪಿಸುವ ಹಾದಿ ಸುಲಭದ್ದೆಂದು ತಿಳಿಯಬಾರದು. ನಂಬಿಕೆ ಒಂದೇ ದಿನದಲ್ಲಿ ಒಡೆಯಬಹುದು. ಪಂಜಾಬಿನ ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ 1902ರ ಅಕ್ಟೋಬರ್ 30ರಂದು 107 ಜನರಿಗೆ ಚುಚ್ಚುಮದ್ದು ಕೊಟ್ಟರು. ಒಂದು ಶೀಸೆಯ ಮದ್ದು ಕೆಟ್ಟಿತ್ತು. ಅದನ್ನು ಪಡೆದ 19 ಜನರೂ ಧನುರ್ವಾಯುವಿನಿಂದ ಸತ್ತರು. ಪಂಜಾಬಿನಲ್ಲಿ ಲಕ್ಷಗಟ್ಟಲೆ ಜನರಿಗೆ ಮದ್ದು ಹಾಕುವ ಯೋಜನೆ ಕುಸಿಯಿತು. ತಪ್ಪನ್ನು ಹಾಫ್ಕಿನ್ನನ ತಲೆಗೆ ಕಟ್ಟಿ ಕೆಲಸದಿಂದ ದೂರವಿಟ್ಟರು. ಶೀಸೆ ಕೆಟ್ಟದ್ದು ಪ್ರಯೋಗಶಾಲೆಯಲ್ಲಲ್ಲ, ಹಳ್ಳಿಯಲ್ಲಿ ತೆರೆದಾಗ ಎಂದು ರೊನಾಲ್ಡ್ ರಾಸ್ ಮೊದಲಾದ ಪಂಡಿತರು ವಾದಿಸಿ ಅವನನ್ನು ನಿರ್ದೋಷಿಯೆಂದು ಒಪ್ಪಿಸುವ ಹೊತ್ತಿಗೆ 1907 ಬಂದಿತ್ತು. ಮುಂಬಯಿಯ ಆ ಪ್ರಯೋಗಶಾಲೆಗೆ ಅವನ ಹೆಸರನ್ನಿಟ್ಟದ್ದು 1925ರಲ್ಲಿ. ತಪ್ಪಾದಾಗ ಅದನ್ನು ಕೂಡಲೇ ಬಿಚ್ಚಿ ಹೇಳದಿದ್ದರೆ ಗಾಳಿಮಾತು ಅದರ ಜಾಗವನ್ನು ತುಂಬುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

1918ರ ಇನ್‌ಫ್ಲುಯೆಂಜಾದ ವಿಷಯವನ್ನು ಇಲ್ಲಿ ಎರಡು ಮಾತಿನಲ್ಲಿ ಮುಗಿಸಬಹುದು. ಮುಂಬಯಿಯಲ್ಲಿ ಅದು ಮೊದಲು ಕಂಡದ್ದು ಬಂದರಿನ ಕಾವಲಿಗಿದ್ದ ಏಳು ಮಂದಿ ಪೊಲೀಸ್ ಸಿಪಾಯಿಗಳಲ್ಲಿ. ಅಂದರೆ ಅದೂ ಕೆಲಸದ ಜಾಗದಿಂದಲೇ ಊರಿಗೆ ನುಗ್ಗಿತು. ಇಡೀ ದೇಶದಲ್ಲಿ ಒಂದು ಕೋಟಿಗೂ ಮೀರಿ ಜನ ಸತ್ತರು. ಹಿಂದಿಯ ಕವಿ ನಿರಾಲಾ ಹೆಂಡತಿಯನ್ನೂ ಬಂಧುಗಳನ್ನೂ ಕಳೆದುಕೊಂಡು, ಹೆಣಗಳಿಂದ ತುಂಬಿದ ಇದೇ ಗಂಗೆಯ ದಡದಲ್ಲಿ ನಿಂತದ್ದು ಆಗ.

ಈ ಅನುಭವಗಳ ಒಂದು ಫಲ ಸ್ವತಂತ್ರ ಭಾರತದಲ್ಲಿ ಕಂಡಿತು. ಕಾಯಿಲೆ ಬಿದ್ದ ಕೆಲಸಗಾರನಿಗೆ ಚಿಕಿತ್ಸೆಯ ಜೊತೆಗೆ ಕೂಲಿಯ ಒಂದು ಭಾಗವೂ ಸಿಗಬೇಕೆಂದು 1948ರಲ್ಲಿ ನೌಕರರ ರಾಜ್ಯ ವಿಮಾ ಕಾಯಿದೆಯಾಯಿತು. ಅದು ಮೊದಲು ಜಾರಿಗೆ ಬಂದದ್ದು 1952ರ ಫೆಬ್ರವರಿ 24ರಂದು, ದೆಹಲಿಯಲ್ಲಿ ಮತ್ತು ಕಾನಪುರದಲ್ಲಿ. ಶಿಬಿರ ಸುಟ್ಟ ಊರಿನಲ್ಲಿಯೇ ಅರ್ಧ ಶತಮಾನದ ಮೇಲೆ ಕಾಯಿಲೆಯ ಕೂಲಿ ಕೈಗೆ ಬಂದಿತು. ಕೊರೋನಾ ಕಾಲದಲ್ಲಿ ಈ ವಿಮೆಯ ದರ ಕೂಲಿಯ ಶೇಕಡಾ 70, ವರ್ಷಕ್ಕೆ 91 ದಿನಗಳವರೆಗೆ. ಆದರೆ ಇದು ಹಾಜರಿ ಪುಸ್ತಕದಲ್ಲಿ ಹೆಸರಿದ್ದವನಿಗೆ. ಹೆಸರಿಲ್ಲದವನ ಪಾಡು ಬೇರೆ.

2020ರಲ್ಲಿ ಆ ಬೇರೆ ಪಾಡನ್ನೇ ನಾವು ಕಂಡೆವು. ಮಾರ್ಚ್ 29ರಂದು, ಬೀಗಮುದ್ರೆಯ ಕಾಲಕ್ಕೂ ಕೂಲಿ ಕಡಿಯದೆ ಕೊಡಬೇಕೆಂದು ಕೇಂದ್ರದ ಗೃಹ ಇಲಾಖೆ ಅಪ್ಪಣೆ ಮಾಡಿತು. ಮೇ 18ರಿಂದ ಆ ಅಪ್ಪಣೆ ಹೋಯಿತು. ಜೂನ್‌ನಲ್ಲಿ ಸುಪ್ರೀಂ ಕೋರ್ಟು ಯಜಮಾನರೂ ಕೆಲಸಗಾರರೂ ಮಾತಾಡಿ ತೀರ್ಮಾನಿಸಿಕೊಳ್ಳಲೆಂದಿತು. ಏಪ್ರಿಲ್ 15ರ ಕಟ್ಟಳೆಗಳಲ್ಲಿ ಕಾರ್ಖಾನೆಗಳಿಗೆ ವಿವರವಾದ ಸೂಚನೆಗಳಿದ್ದವು: ಬಾಗಿಲಲ್ಲಿ ಜ್ವರ ನೋಡುವುದು, ಮುಖಕ್ಕೆ ಬಟ್ಟೆ, ಒಂದು ಪಾಳಿಗೂ ಇನ್ನೊಂದಕ್ಕೂ ಒಂದು ಗಂಟೆಯ ಬಿಡುವು, ಊಟದ ಬಿಡುವನ್ನು ಹಂಚಿಡುವುದು. 2021ರ ಏಪ್ರಿಲ್ 11ರಿಂದ ನೂರು ಜನ ಅರ್ಹರಿದ್ದ ಕೆಲಸದ ಜಾಗದಲ್ಲಿಯೇ ಚುಚ್ಚುಮದ್ದು ಹಾಕಲು ಅನುಮತಿಯಾಯಿತು. ಹುಬ್ಬಳ್ಳಿಯ ಗಿರಣಿಯ ಉಪಾಯ 123 ವರ್ಷಗಳ ಮೇಲೆ ದೇಶಕ್ಕೆಲ್ಲ ಬಂದಂತಾಯಿತು.

ನಂಜನಗೂಡಿನ ಔಷಧ ಕಾರ್ಖಾನೆಯೊಂದರ ಸಂಗತಿ ಆಗ ತವರಿನ ಪತ್ರಿಕೆಗಳಲ್ಲಿ ದಿನವೂ ಬರುತ್ತಿತ್ತು. 2020ರ ಮಾರ್ಚಿನಲ್ಲಿ ಅಲ್ಲಿನ ಒಬ್ಬ ನೌಕರನಿಂದ ಮೊದಲ್ಗೊಂಡು 70ಕ್ಕೂ ಹೆಚ್ಚು ಜನರಿಗೆ ಸೋಂಕು ತಗುಲಿತು. ಸಹೋದ್ಯೋಗಿಗಳನ್ನೂ ಅವರ ಮನೆಯವರನ್ನೂ ಪಟ್ಟಿ ಮಾಡಿ ಪ್ರತ್ಯೇಕವಾಗಿಟ್ಟು ಆ ಸರಪಳಿಯನ್ನು ಕಡಿದರು. ಪಟ್ಟಿ ಮಾಡಲು ಸಾಧ್ಯವಾದುದು ಕಾರ್ಖಾನೆಯಲ್ಲಿ ಪ್ರತಿಯೊಬ್ಬನ ಹೆಸರಿದ್ದುದರಿಂದಲೇ.

ಇನ್ನು ನಮ್ಮ ಕಾಶಿಯ ಮಗ್ಗದವರನ್ನು ನೋಡಿ. ಮದನಪುರ, ರೇವಡಿ ತಾಲಾಬ್, ಪೀಲಿಕೋಠಿಗಳ ನೇಕಾರರಲ್ಲಿ ಹಲವರಿಗೆ ಮನೆಯೇ ಕಾರ್ಖಾನೆ. ಸೀರೆ ಮುಗಿದರೆ ಕೂಲಿ, ಮುಗಿಯದಿದ್ದರೆ ಇಲ್ಲ. ಗದ್ದಿಯಲ್ಲಿ ಕುಳಿತ ವ್ಯಾಪಾರಿಯ ಪುಸ್ತಕದಲ್ಲಿ ಸೀರೆಯ ಲೆಕ್ಕವಿದ್ದೀತು, ನೇಯುವವನ ಜ್ವರದ ಲೆಕ್ಕವಿಲ್ಲ. “ಮೈ ಬಿಸಿಯಾದರೆ ಮಗ್ಗದ ಗುಂಡಿಗೆ ಇಳಿಯಬೇಡ” ಎಂದು ಹೇಳುವುದು ಸುಲಭ. ಹೇಳಿದವನು ಆ ವಾರದ ಅಕ್ಕಿ-ಬೇಳೆಗೆ ಏನು ಮಾಡಬೇಕೆಂದೂ ಹೇಳಬೇಕಾಗುತ್ತದೆ. ದೋಣಿಯವರು, ರಿಕ್ಷಾದವರು, ಘಾಟಿನ ಹೂ ಮಾರುವವರು, ಇವರ ವಿಷಯವೂ ಇದೇ. ನಮ್ಮಲ್ಲಿ ರೈಲ್ವೆ ಎಂಜಿನ್ ಕಾರ್ಖಾನೆಯಲ್ಲಿಯೂ ವಿಶ್ವವಿದ್ಯಾಲಯದಲ್ಲಿಯೂ ಇದ್ದವರಿಗೆ ತಿಂಗಳ ಸಂಬಳ ತಪ್ಪದೆ ಬಂದಿತು. ನಾವು ಕಟ್ಟಳೆಯನ್ನು ಪಾಲಿಸಿದೆವು. ಪಾಲಿಸಿದ್ದು ನಮ್ಮ ಸದ್ಗುಣದಿಂದ ಎಷ್ಟು, ಸಂಬಳದ ಆಸರೆಯಿಂದ ಎಷ್ಟು ಎಂದು ಕೇಳಿಕೊಂಡರೆ ತಲೆ ತಗ್ಗಿಸಬೇಕಾದೀತು.

ಒಂದು ಮಾತನ್ನು ಹೇಳದೆ ಈ ಲೇಖನವನ್ನು ಮುಗಿಸಲಾರೆವು. ಕೆಲಸದ ಜಾಗವೆಂದರೆ ಗಿರಣಿ, ಕಚೇರಿಗಳಷ್ಟೇ ಎಂದು ನಾವು ತಿಳಿದಿದ್ದೇವೆ. ನಮ್ಮ ಮನೆಯೂ ಒಬ್ಬರಿಗೆ ಕೆಲಸದ ಜಾಗ. ಪಾತ್ರೆ ತೊಳೆದು ನೆಲ ಒರೆಸಿ ಹೋಗುವ ಹೆಂಗಸಿಗೆ ನಾವೇ ಯಜಮಾನರು. 2020ರ ಆ ತಿಂಗಳುಗಳಲ್ಲಿ “ನೀನು ಬರಬೇಡ” ಎಂದು ನಾವೆಲ್ಲರೂ ಹೇಳಿದೆವು. ಬರದ ತಿಂಗಳ ಸಂಬಳವನ್ನು ಕೊಟ್ಟ ಮನೆಗಳಿದ್ದವು, ಒಂದು ತಿಂಗಳು ಕೊಟ್ಟು ನಿಲ್ಲಿಸಿದವೂ ಇದ್ದವು, ಕೊಡದವೂ ಇದ್ದವು. ಮತ್ತೆ ಕರೆದಾಗ ಅವಳು ಸಣ್ಣಗೆ ಕೆಮ್ಮುತ್ತಲೇ ಬಂದು “ಏನೂ ಇಲ್ಲ, ಧೂಳು” ಎಂದಿದ್ದರೆ, ಆ ಸುಳ್ಳಿನಲ್ಲಿ ನಮ್ಮ ಪಾಲೂ ಇತ್ತು. ಮುಂಬಯಿಯ ಗಿರಣಿ ಕೆಲಸಗಾರ ರೋಗಿಯನ್ನು ಬಚ್ಚಿಟ್ಟ ಲೆಕ್ಕವನ್ನೇ ಅವಳೂ ಹಾಕಿದಳು.

ಹುಬ್ಬಳ್ಳಿಯ ಕಥೆಯಿಂದ ನಮಗೆ ದೊರೆಯುವ ಪಾಠ ಸರಳವಾದದ್ದು. ಕಟ್ಟಳೆ ಹೇಳುವವನು ಮೊದಲು ತಾನು ಪಾಲಿಸಬೇಕು, ಹಾಫ್ಕಿನ್ ತನ್ನ ತೋಳನ್ನು ಮೊದಲು ಒಡ್ಡಿದಂತೆ. ಪಾಲಿಸಿದವನಿಗೆ ಪಾಲಿಸಿದ್ದರಿಂದ ನಷ್ಟವಾಗಬಾರದು. ತಪ್ಪಾದರೆ ಮುಚ್ಚಿಡಬಾರದು. ದುಡಿಯುವ ಪ್ರತಿಯೊಬ್ಬರ ಹೆಸರೂ ಎಲ್ಲಿಯಾದರೂ ಬರೆದಿರಬೇಕು. ಸರಕಾರ ಮಾಡುವುದನ್ನು ಸರಕಾರ ಮಾಡಲಿ. ನಮ್ಮ ಮನೆಯ ಮಟ್ಟಿಗೆ, ನಮ್ಮ ಸಂಘದ ಮಟ್ಟಿಗೆ ಇಷ್ಟನ್ನು ಮಾಡಲು ಯಾರ ಅಪ್ಪಣೆಯೂ ಬೇಕಿಲ್ಲ. ಸಂಘದ ಸಮಾರಂಭಗಳಿಗೆ ಅಡುಗೆ ಮಾಡುವವರು, ಚಪ್ಪರ ಹಾಕುವವರು, ಕಸ ಗುಡಿಸುವವರು, ಇವರ ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ಕಾಯಿಲೆಯ ದಿನಕ್ಕೂ ಕೂಲಿ ಎಣಿಸಿಕೊಡುವ ಪದ್ಧತಿಯನ್ನು ಈ ರಾಜ್ಯೋತ್ಸವದಿಂದಲೇ ಆರಂಭಿಸಬಹುದು.

ಈ ಕಾಶಿಯ ಹಿಂದೂ ವಿಶ್ವವಿದ್ಯಾಲಯಕ್ಕೆ ಮೊದಲ ಕುಲಪತಿಗಳಾದವರು ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರೆಂದು ನಾವು ಪ್ರತಿವರ್ಷವೂ ಹೆಮ್ಮೆಯಿಂದ ನೆನೆಯುತ್ತೇವೆ, ಮುಂದೆಯೂ ನೆನೆಯೋಣ. ಅದರ ಜೊತೆಗೆ 1898ರ ಮಳೆಗಾಲದಲ್ಲಿ ಹುಬ್ಬಳ್ಳಿಯ ಗಿರಣಿಯ ಬಾಗಿಲಲ್ಲಿ ತೋಳು ಮಡಿಸಿ ಸಾಲಾಗಿ ನಿಂತ ಆ ಹೆಸರಿಲ್ಲದ ಕನ್ನಡಿಗರನ್ನೂ ಒಂದು ಗಳಿಗೆ ನೆನೆಯೋಣ. ನವೆಂಬರ್ ಒಂದರ ದೀಪ ಅವರಿಗೂ ಸಲ್ಲಲಿ.